ಗಾಲ್ಫ್ ಬಿಗಿನರ್ಸ್ ಕ್ಲಾಸ್ ರಿವ್ಯೂ: ಪಟರ್ ಮೊದಲು, ಡ್ರೈವರ್ ಕೊನೆಗೆ

ಗಾಲ್ಫ್ ಕಲೀಬೇಕು ಅಂತ ಆಸೆ ಇದೆ, ಆದ್ರೆ ಎಲ್ಲಿಂದ ಶುರು ಮಾಡೋದು ಅಂತ ಗೊತ್ತಾಗ್ತಿಲ್ಲ ಅನ್ನೋರಿಗೋಸ್ಕರ ಈ ರಿವ್ಯೂ ಬರೀತಿದೀನಿ. ನಾನು ಸೇರಿದ್ದು ಗಾಲ್ಫ್ ಹೊಡೆತ ಪ್ರಾಕ್ಟೀಸ್ ಮಾಡೋ ಒಂದು ಡ್ರೈವಿಂಗ್ ರೇಂಜ್‌ನವರು ನಡೆಸೋ ಬಿಗಿನರ್ಸ್ ಗ್ರೂಪ್ ಕ್ಲಾಸ್‌ಗೆ. ವಾರಕ್ಕೊಂದು ಸೆಷನ್, ಕೊನೇಲಿ ಕೋರ್ಸ್ ಮೇಲೆ, ಅಂದ್ರೆ ನಿಜವಾದ ಗಾಲ್ಫ್ ಮೈದಾನಕ್ಕೆ, ಕರ್ಕೊಂಡು ಹೋಗಿ ಆಡಿಸ್ತಾರೆ. ಹೆಸರು ಹಾಕ್ತಿಲ್ಲ, ಯಾಕಂದ್ರೆ ಈ ಥರದ ಕ್ಲಾಸ್ ಬೇಕಾದಷ್ಟು ಕಡೆ ಇರತ್ತೆ, ಒಳ್ಳೆ ಕ್ಲಾಸ್‌ನ ಗುರುತು ಹಿಡಿಯೋದು ಹೇಗೆ ಅನ್ನೋದೇ ನಿಮಗೆ ಜಾಸ್ತಿ ಉಪಯೋಗಕ್ಕೆ ಬರೋದು. ಮೊದಲೇ ಹೇಳಿಬಿಡ್ತೀನಿ, ನನಗೆ ತುಂಬಾ ಇಷ್ಟ ಆಯ್ತು, 5ಕ್ಕೆ 4 ಕೊಡ್ತೀನಿ. ಆ ಒಂದು ಯಾಕೆ ಕಟ್ ಆಯ್ತು ಅನ್ನೋದು ಕೆಳಗಿದೆ.

ಇಷ್ಟ ಆಗಿದ್ದಕ್ಕೆ ದೊಡ್ಡ ಕಾರಣ ಒಂದೇ, ಇವರು ಕಲಿಸೋ ಆರ್ಡರ್. ಬಹಳ ಕಡೆ ಹೊಸಬರು ಬಂದ ಕೂಡ್ಲೇ ಕೈಗೊಂದು ಕ್ಲಬ್ (ಗಾಲ್ಫ್ ಕೋಲು), ಒಂದು ಬಕೆಟ್ ಬಾಲ್ ಕೊಟ್ಟು ಮ್ಯಾಟ್ ಮೇಲೆ ನಿಲ್ಲಿಸಿ ಹೊಡೀರಿ ಅಂದುಬಿಡ್ತಾರೆ, ಹತ್ತರಲ್ಲಿ ಒಂದು ಚೆನ್ನಾಗಿ ಹೋಗತ್ತೆ, ಮಿಕ್ಕಿದ್ದು ನೆಲ ಬಿಟ್ಟು ಏಳಲ್ಲ, ಸೊಂಟ ಹಿಡ್ಕೊಳತ್ತೆ, ಅಷ್ಟಕ್ಕೇ ಆಸೆ ಮುಗೀತು. ಇಲ್ಲಿ ಮೊದಲ ಸೆಷನ್ ಪೂರ್ತಿ ಪಟಿಂಗ್ ಗ್ರೀನ್ ಮೇಲೆ, ಅಂದ್ರೆ ಬಾಲ್ ಬೀಳಿಸೋ ಗುಂಡಿ (ಹೋಲ್) ಸುತ್ತ ಇರೋ ನುಣುಪು ಹುಲ್ಲಲ್ಲಿ ಪಟರ್ ಅನ್ನೋ ಕ್ಲಬ್‌ನಿಂದ ಬಾಲ್ ಉರುಳಿಸೋದು. ಎರಡನೇದು ಗ್ರೀನ್ ಅಂಚಲ್ಲಿ ಚಿಪ್ಪಿಂಗ್. ಆಮೇಲೆ ಸ್ವಲ್ಪ ದೂರದಿಂದ ಎತ್ತರಕ್ಕೆ ಹಾರಿಸೋ ಪಿಚ್, ಆಮೇಲೆ ಇನ್ನೂ ದೂರಕ್ಕೆ ಹೊಡೆಯೋ ಐರನ್ ಕ್ಲಬ್, ಎಲ್ಲಕ್ಕಿಂತ ದೂರ ಹೊಡೆಯೋ ಡ್ರೈವರ್ ಕೈಗೆ ಬರೋದು ಕಟ್ಟಕಡೆಗೆ. ಅಂದ್ರೆ ಹೋಲ್ ಪಕ್ಕದಿಂದ ಶುರು ಮಾಡಿ ಹಿಂದೆ ಹಿಂದೆ ಬರ್ತಾ ಟೀ ತನಕ, ಅಂದ್ರೆ ಮೊದಲ ಹೊಡೆತ ಹೊಡೆಯೋ ಜಾಗದ ತನಕ.

ನಮ್ಮ ಬ್ಯಾಚಲ್ಲಿದ್ದ ಒಬ್ಬ ಕಾಲೇಜ್ ಹುಡುಗ ಮೊದಲ ದಿನವೇ ಕೇಳಿಬಿಟ್ಟ, "ಮೇಡಂ, ದೊಡ್ಡ ಶಾಟ್ ಯಾವಾಗ ಹೊಡೆಸ್ತೀರಾ?" ಅಂತ. ಕೋಚ್ ಮೇಡಂ ಬೇಜಾರು ಮಾಡ್ಕೊಳ್ಳದೆ "ಹೊಡೆಸ್ತೀನಪ್ಪಾ, ಮೊದಲು ಬಾಲ್ ಎಲ್ಲಿಗೆ ಹೋಗಿ ಸೇರ್ಬೇಕು ಅದನ್ನ ನೋಡು" ಅಂದು ಒಂದು ಲೆಕ್ಕ ಕೊಟ್ರು. ಪೂರ್ತಿ ಕೋರ್ಸ್ ಅಂದ್ರೆ 18 ಹೋಲ್ (ಟೀಯಿಂದ ಗುಂಡಿ ತನಕದ ಒಂದೊಂದು ಭಾಗಕ್ಕೂ ಹೋಲ್ ಅಂತಲೇ ಹೆಸರು). ಒಂದೊಂದು ಹೋಲ್‌ಗೂ ಒಂದು ಪಾರ್ ಇರತ್ತೆ, 3 ಅಥವಾ 4 ಅಥವಾ 5, ಚೆನ್ನಾಗಿ ಆಡೋನಿಗೆ ಆ ಹೋಲ್ ಮುಗಿಸೋಕೆ ಇಷ್ಟು ಹೊಡೆತ ಸಾಕು ಅಂತ ಅರ್ಥ. ಆ ಪಾರ್ ಲೆಕ್ಕದ ಒಳಗೇ ಪ್ರತಿ ಹೋಲ್‌ಗೂ ಎರಡು ಪಟ್ ಸೇರಿದೆ. ಹಾಗಾಗಿ ಪಾರ್ 72 ಇರೋ ಕೋರ್ಸಲ್ಲಿ 36 ಹೊಡೆತ ಬರೀ ಪಟರ್‌ದು. ಅರ್ಧ! ಡ್ರೈವರ್ ಹಿಡಿಯೋದು ಹೆಚ್ಚು ಅಂದ್ರೆ 14 ಸಲ, ಯಾಕಂದ್ರೆ ಸಾಮಾನ್ಯವಾಗಿ ನಾಲ್ಕು ಹೋಲ್ ಪಾರ್ 3 ಇರತ್ತೆ, ಅಲ್ಲಿ ಡ್ರೈವರ್ ಬೇಕಾಗಲ್ಲ. ಈ ಲೆಕ್ಕ ಕೇಳಿದ ಮೇಲೆ ಆ ಹುಡುಗ ಪಟರ್ ಹಿಡ್ಕೊಂಡೋನು ಬಿಡ್ಲೇ ಇಲ್ಲ, ಬ್ಯಾಚಿಗೇ ಚೆನ್ನಾಗಿ ಪಟ್ ಮಾಡೋನು ಈಗ ಅವನೇ.

ಪಟಿಂಗ್ ಕಲಿಸಿದ ರೀತಿ ಸ್ವಲ್ಪ ಬಿಡಿಸಿ ಹೇಳ್ತೀನಿ, ಮನೇಲೂ ಮಾಡಬಹುದು ಅದಕ್ಕೆ. ಎರಡು ಟೀ (ಬಾಲ್ ಎತ್ತರಿಸಿ ಇಡೋಕೆ ನೆಲಕ್ಕೆ ಚುಚ್ಚೋ ಸಣ್ಣ ಕಡ್ಡಿ, ಇದಕ್ಕೂ ಟೀ ಅಂತಲೇ ಹೆಸರು) ತಗೊಂಡು ಪಟರ್ ತಲೆಗಿಂತ ಒಂಚೂರು ಮಾತ್ರ ಅಗಲ ಬಿಟ್ಟು ಗೇಟ್ ಥರ ನೆಲಕ್ಕೆ ಚುಚ್ಚಿದ್ರು, ಮಧ್ಯ ಬಾಲ್, ಮೂರು ಅಡಿ ಮುಂದೆ ಹೋಲ್. ಪಟರ್ ಎರಡೂ ಟೀಗೆ ತಗಲದೆ ಹಿಂದೆ ಹೋಗಿ ಮುಂದೆ ಬರ್ಬೇಕು. ನೋಡೋಕೆ ಸುಲಭ, ಮಾಡೋಕೆ ಹೋದಾಗ ಟಕ್ ಟಕ್ ಅಂತ ಟೀಗೆ ಬಡಿಯೋದೇ ಕೇಳತ್ತೆ. ಯಾವ ಟೀಗೆ ಬಡೀತು ಅನ್ನೋದರಲ್ಲೇ ಉತ್ತರ ಇದೆ, ಆಚೆದಕ್ಕೆ ಬಡಿದ್ರೆ ಕೈ ದೇಹದಿಂದ ದೂರ ಹೋಗ್ತಿದೆ, ಈಚೆದಕ್ಕೆ ಬಡಿದ್ರೆ ಒಳಗೆ ಎಳ್ಕೋತಿದೀರ. ಮೇಡಂ ಬಾಯಿ ಬಿಡೋದೇ ಬೇಡ, ಟೀಗಳೇ ಹೇಳ್ಕೊಡತ್ತೆ. ಮಣಿಕಟ್ಟು ಆಡಿಸದೆ ಭುಜದಿಂದ ತೂಗೋದು ಹಾಗೇ ತಾನಾಗಿ ಬಂತು.

ಇನ್ನೊಂದು ವಿಷಯ ನನಗೆ ಹೊಸದು. ಹೋಲ್ ಅಗಲ 108 ಮಿಲಿಮೀಟರ್, ಬಾಲ್ ಅಗಲ 42.67 ಮಿಲಿಮೀಟರ್‌ಗಿಂತ ಕಮ್ಮಿ ಇರೋ ಹಾಗಿಲ್ಲ ಅಂತ ರೂಲ್, ಅಂದ್ರೆ ಹೋಲ್ ಸುಮಾರು ಎರಡೂವರೆ ಬಾಲ್‌ನಷ್ಟು ಅಗಲ ಇದೆ, ಸಾಕಷ್ಟು ದೊಡ್ಡದೇ. ಆದ್ರೆ ಬಾಲ್ ಎಷ್ಟು ಜೋರಾಗಿ ಬರತ್ತೋ ಹೋಲ್ ಅಷ್ಟು ಚಿಕ್ಕದಾಗ್ತಾ ಹೋಗತ್ತೆ. ಕೇರಂ ಬೋರ್ಡಲ್ಲಿ ಜೋರಾಗಿ ಹೊಡೆದ ಕಾಯಿ ಪಾಕೆಟ್ ಅಂಚಿಗೆ ಬಡಿದು ಆಚೆ ಬರಲ್ವಾ, ಹಾಗೇ. ಮೆಲ್ಲಗೆ ಬರೋ ಬಾಲ್ ಪಕ್ಕದ ಅಂಚಿಂದಾನೂ ಒಳಗೆ ಬೀಳತ್ತೆ. ಅದಕ್ಕೆ ಉದ್ದ ಪಟ್‌ನಲ್ಲಿ ಹೋಲ್‌ನ ಮರೆತುಬಿಡಿ, ಮೂರು ಅಡಿ ವೃತ್ತದ ಒಳಗೆ ಬಾಲ್ ನಿಲ್ಲಿಸಿ ಸಾಕು ಅಂತ ದೂರದ ಅಂದಾಜಿಗೆ ಜಾಸ್ತಿ ಟೈಮ್ ಕೊಟ್ರು. ಇಳಿಜಾರಿದ್ರೆ ಬಾಲ್ ನಿಧಾನ ಆಗ್ತಾ ಆಗ್ತಾ ಜಾಸ್ತಿ ತಿರುಗತ್ತೆ, ಅಂದ್ರೆ ತಿರುವಿನ ಬಹುಪಾಲು ಹೋಲ್ ಹತ್ತಿರವೇ ಆಗೋದು, ಹಾಗಾಗಿ ಇಳಿಜಾರು ನೋಡೋದಾದ್ರೆ ನಿಮ್ಮ ಕಾಲ ಹತ್ತಿರದ್ದಕ್ಕಿಂತ ಹೋಲ್ ಸುತ್ತಮುತ್ತಲಿಂದು ಮುಖ್ಯ. ಇಂಥ ಮಾತು ಹೊಸಬರಿಗೆ ಮೊದಲ ದಿನವೇ ಹೇಳ್ಕೊಡೋರು ಕಮ್ಮಿ.

ಚಿಪ್ಪಿಂಗ್ ಸೆಷನ್ ಕೂಡ ಇದೇ ದಾರಿ. ಗ್ರೀನ್ ಪಕ್ಕ ಹುಲ್ಲಲ್ಲಿ ಬಾಲ್ ಇದೆ, ಪಟರ್ ಆಗಲ್ಲ ಅಂದಾಗ ಸ್ವಲ್ಪ ಮಾತ್ರ ಗಾಳೀಲಿ ಹಾರಿಸಿ ಮಿಕ್ಕಿದ್ದು ಉರುಳಿಸೋದೇ ಚಿಪ್. ತೂಕ ಮುಂದಿನ ಕಾಲ ಮೇಲೆ, ಕೈ ಬಾಲ್‌ಗಿಂತ ಒಂಚೂರು ಮುಂದೆ, ಪಟಿಂಗ್‌ನಲ್ಲಿ ಕಲಿತ ಅದೇ ತೂಗು, ಅಷ್ಟೆ. ಗ್ರೀನ್ ಮೇಲೆ ಒಂದು ಟವೆಲ್ ಹಾಸಿ ಬಾಲ್ ಮೊದಲು ಅದರ ಮೇಲೇ ಬೀಳ್ಬೇಕು ಅಂದ್ರು. ಹೋಲ್ ಕಡೆ ನೋಡ್ಲೇಬೇಡಿ, ಬೀಳೋ ಜಾಗ ನೋಡಿ ಅಂತ. ಒಂದೇ ಟವೆಲ್ ಮೇಲೆ ಬಿದ್ರೂ 9 ಐರನ್‌ನಿಂದ ಹೊಡೆದದ್ದು ಉದ್ದಕ್ಕೆ ಉರುಳ್ತು, ಮುಖ ಇನ್ನೂ ಜಾಸ್ತಿ ವಾಲಿರೋ ಸ್ಯಾಂಡ್ ವೆಜ್ ಅನ್ನೋ ಕ್ಲಬ್‌ನಿಂದ ಹೊಡೆದದ್ದು ಬೇಗ ನಿಂತ್ಕೊಳ್ತು. ಕ್ಲಬ್ ಮುಖದ ಇಳಿಜಾರಿಗೆ ಲಾಫ್ಟ್ ಅಂತಾರಲ್ಲ, ಅದು ಏನು ಮಾಡತ್ತೆ ಅಂತ ಕಣ್ಣಾರೆ ನೋಡಿದ ಮೇಲೆ ಪಾಠ ಬೇಕಾಗ್ಲಿಲ್ಲ.

ಈ ಲಾಫ್ಟ್ ಒಂದು ಅರ್ಥ ಆದ್ರೆ ಬ್ಯಾಗಲ್ಲಿರೋ ಎಲ್ಲ ಕ್ಲಬ್ ಅರ್ಥ ಆದ ಹಾಗೆ. ಪಟರ್ ಮುಖ ಹತ್ರ ಹತ್ರ ನೇರ, 3ರಿಂದ 4 ಡಿಗ್ರಿ ಅಷ್ಟೆ. ಡ್ರೈವರ್ ಹೆಚ್ಚಾಗಿ 9ರಿಂದ 12 ಡಿಗ್ರಿ. 7 ಐರನ್ 30ರ ಆಸುಪಾಸು, ಪಿಚಿಂಗ್ ವೆಜ್ 45ರ ಹತ್ತಿರ, ಸ್ಯಾಂಡ್ ವೆಜ್ 54ರಿಂದ 58. ನಂಬರ್ ಜಾಸ್ತಿ ಆದ ಹಾಗೆ ಕ್ಲಬ್ ಗಿಡ್ಡ, ಲಾಫ್ಟ್ ಜಾಸ್ತಿ, ಬಾಲ್ ಎತ್ತರಕ್ಕೆ ಹೋಗಿ ಹತ್ತಿರದಲ್ಲೇ ಬೀಳತ್ತೆ. ಒಬ್ಬ ಆಟಗಾರ ಬ್ಯಾಗಲ್ಲಿ ಹೆಚ್ಚು ಅಂದ್ರೆ 14 ಕ್ಲಬ್ ಇಟ್ಕೋಬಹುದು ಅಂತ ರೂಲ್ ಇದೆ. ಆದ್ರೆ 14 ಬೇಕೇ ಬೇಕು ಅಂತ ಎಲ್ಲೂ ಇಲ್ಲ, ಇದನ್ನ ಅಂಗಡಿಯವರು ಯಾರೂ ಹೇಳಲ್ಲ, ಮೇಡಂ ಹೇಳಿದ್ರು. ಶುರುವಿಗೆ ಪಟರ್, ಸ್ಯಾಂಡ್ ವೆಜ್, ಪಿಚಿಂಗ್ ವೆಜ್, 9 ಐರನ್, 7 ಐರನ್, ದೂರದ ಹೊಡೆತಕ್ಕೆ ಹೈಬ್ರಿಡ್ ಅನ್ನೋ ಕ್ಲಬ್ ಒಂದು, ಇಷ್ಟಿದ್ರೆ ಆರಾಮಾಗಿ ಕಲೀಬಹುದು. ಕ್ಲಾಸ್‌ನವರೂ ಹೀಗೆ ಅರ್ಧ ಸೆಟ್‌ನೇ ಕೊಡ್ತಾರೆ, ಸ್ವಂತ ಕ್ಲಬ್ ಬೇಕಾಗಿಲ್ಲ, ಇದು ದೊಡ್ಡ ಪ್ಲಸ್ ಪಾಯಿಂಟ್. ತಗೊಳ್ಳೋರು ಸೆಕೆಂಡ್ ಹ್ಯಾಂಡ್ ನೋಡಿ, ಗ್ರಿಪ್ ರಬ್ಬರ್ ಸವೆದಿದ್ರೆ ಹೊಸದು ಹಾಕಿಸಿ, ಶಾಫ್ಟ್ (ಕ್ಲಬ್‌ನ ಕೋಲು) ನಿಮ್ಮ ಎತ್ತರ ಮತ್ತೆ ಬಲಕ್ಕೆ ಹೊಂದತ್ತಾ ಅಂತ ಕೋಚ್‌ಗೆ ತೋರಿಸಿ ತಗೊಳಿ. ಬಾಲ್‌ಗೆ ದುಡ್ಡು ಸುರೀಬೇಡಿ, ಸಾದಾ ಟೂ ಪೀಸ್ ಬಾಲ್ ಸಾಕು, ಕಳೆದುಹೋಗೋದೇ ಜಾಸ್ತಿ. ಗ್ಲೌಸ್ ಮಾತ್ರ ಒಂದು ತಗೊಳಿ, ಬಲಗೈನೋರಿಗೆ ಎಡಗೈಗೆ ಹಾಕೋದು, ಇಲ್ಲಾಂದ್ರೆ ಅಂಗೈ ಬೊಬ್ಬೆ ಬರತ್ತೆ.

ಬಾಲ್ ವಿಷಯ ಬಂತು ಅಂತ ಅದರ ಮೇಲಿನ ಗುಳಿಗಳ ಬಗ್ಗೆ ಹೇಳ್ತೀನಿ, ಡಿಂಪಲ್ ಅಂತಾರೆ, ಬಾಲ್‌ಗೆ ತಕ್ಕ ಹಾಗೆ ಹೆಚ್ಚುಕಮ್ಮಿ 300ರಿಂದ 400 ಇರತ್ತೆ. ಅಂದಕ್ಕೆ ಅಂದ್ಕೊಂಡಿದ್ದೆ ನಾನು. ಆ ಗುಳಿಗಳಿಂದ ಬಾಲ್ ಮೈಗೆ ಅಂಟಿರೋ ಗಾಳಿ ಪದರ ಕದಡಿ, ಬಾಲ್‌ನ ಹಿಂಭಾಗದ ತನಕ ಅಂಟ್ಕೊಂಡೇ ಬರತ್ತೆ, ಅದರಿಂದ ಹಿಂದಕ್ಕೆ ಎಳೆಯೋ ಗಾಳಿ ಕಮ್ಮಿ ಆಗತ್ತೆ. ನುಣ್ಣಗಿರೋ ಬಾಲ್ ಅದೇ ಹೊಡೆತಕ್ಕೆ ಸುಮಾರು ಅರ್ಧ ದೂರ ಹೋಗಿ ಬಿದ್ದುಬಿಡತ್ತೆ. ಎಷ್ಟು ಚೆಂದದ ವಿಷಯ ನೋಡಿ.

ಇನ್ನು ಫುಲ್ ಸ್ವಿಂಗ್. ಗ್ರಿಪ್‌ಗೆ ತುಂಬ ಹೊತ್ತು ತಗೊಂಡ್ರು, ಸರಿಯಾಗೇ ಮಾಡಿದ್ರು. ಕ್ಲಬ್ ಅಂಗೈಯಲ್ಲಿ ಅಲ್ಲ, ಬೆರಳಲ್ಲಿ ಕೂರ್ಬೇಕು. ಮೂರು ಥರ ಹಿಡಿತ ತೋರಿಸಿದ್ರು. ಕೆಳಗಿನ ಕೈಯ ಕಿರುಬೆರಳನ್ನ ಮೇಲಿನ ಕೈ ಬೆರಳ ಮೇಲೆ ಕೂರಿಸೋದು ಒಂದು, ಇದಕ್ಕೆ ಹ್ಯಾರಿ ವಾರ್ಡನ್ ಹೆಸರೇ ಇದೆ, ದಿ ಓಪನ್ ಚಾಂಪಿಯನ್‌ಶಿಪ್ 6 ಸಲ ಗೆದ್ದೋರು. ಎರಡೂ ಬೆರಳನ್ನ ಕೊಕ್ಕೆ ಹಾಕೋದು ಇನ್ನೊಂದು, ಜಾಕ್ ನಿಕ್ಲಾಸ್, ಟೈಗರ್ ವುಡ್ಸ್ ಇಬ್ರೂ ಹಿಡಿಯೋದು ಹೀಗೆ. ಮೂರನೇದು ಹತ್ತೂ ಬೆರಳು ಕ್ಲಬ್ ಮೇಲೇ ಇಡೋದು. ಯಾವುದು ಸರಿ ಅಂತ ಕೇಳಿದ್ದಕ್ಕೆ ನಿಮ್ಮ ಕೈ ಚಿಕ್ಕದಿದ್ರೆ ಕೊಕ್ಕೆ ಅಥವಾ ಹತ್ತು ಬೆರಳು, ದೊಡ್ಡದಿದ್ರೆ ಮೊದಲನೇದು ಟ್ರೈ ಮಾಡಿ, ಕೈ ನೋವಾಗದೆ ಜಾರದೆ ಇರೋದೇ ನಿಮ್ಮದು ಅಂದ್ರು. ಹೀಗೇ ಇರ್ಬೇಕು ಅಂತ ಹಠ ಹಿಡಿಯದ ಕೋಚ್ ಸಿಗೋದು ಪುಣ್ಯ.

ಇಡೀ ಕ್ಲಾಸ್‌ನಲ್ಲಿ ನನಗೆ ಬೆಲೆ ಕಟ್ಟೋಕಾಗದ ಪಾಠ ಅಂದ್ರೆ ಗೆರೆ ಪಾಠ. ಹೊಸಬರೆಲ್ಲ ಬಾಲ್‌ನ ಮೇಲಕ್ಕೆ ಎತ್ತೋಕೆ ನೋಡ್ತಾರೆ, ಹಿಂದಿನ ಕಾಲ ಮೇಲೆ ವಾಲಿ ಕ್ಲಬ್‌ನಿಂದ ಬಾಲ್‌ನ ಬಾಚೋಕೆ ಹೋಗ್ತಾರೆ, ಆಗ ಕ್ಲಬ್ ಒಂದೋ ಬಾಲ್‌ಗಿಂತ ಹಿಂದೆ ನೆಲಕ್ಕೆ ಬಡಿಯತ್ತೆ, ಇಲ್ಲಾ ಬಾಲ್ ತಲೆ ಸವರಿ ಹೋಗತ್ತೆ. ಮೇಡಂ ಹುಲ್ಲಿನ ಮೇಲೆ ಬಿಳಿ ಸ್ಪ್ರೇಯಿಂದ ಒಂದು ಉದ್ದ ಗೆರೆ ಎಳೆದ್ರು. ಬಾಲ್ ಇಲ್ಲ. ಗೆರೆ ನಮ್ಮ ನಿಲುವಿನ ಮಧ್ಯಕ್ಕೆ ಬರೋ ಹಾಗೆ ನಿಂತು, ಗೆರೆ ಉದ್ದಕ್ಕೂ ಒಂದೊಂದು ಹೆಜ್ಜೆ ಮುಂದೆ ಹೋಗ್ತಾ 7 ಐರನ್ ಬೀಸ್ಬೇಕು, ಹುಲ್ಲು ಕಿತ್ತು ಬರೋ ಗುರುತು ಗೆರೆಯಿಂದ ಟಾರ್ಗೆಟ್ ಕಡೆಗೇ ಶುರು ಆಗ್ಬೇಕು. ನಮ್ಮೆಲ್ಲರದ್ದೂ ಮೊದಮೊದಲು ಗೆರೆಯ ಹಿಂದೇನೇ ಇತ್ತು. ತೂಕ ಮುಂದಿನ ಕಾಲಿಗೆ ಹೋಗ್ತಾ ಹೋಗ್ತಾ ಗುರುತು ಗೆರೆ ದಾಟಿ ಮುಂದಕ್ಕೆ ಸರೀತು, ನಮ್ಮ ಬ್ಯಾಚಲ್ಲಿದ್ದ ವಯಸ್ಸಾದ ಅಮ್ಮ ಒಬ್ರದ್ದು ಎಲ್ಲರಿಗಿಂತ ಮೊದಲು. ಆಮೇಲೆ ಬಾಲ್ ಇಟ್ರೆ ಅದು ಟಪ್ ಅಂತ ಎದ್ದು ಹೋಯ್ತು, ಎತ್ತೋಕೆ ಯಾರೂ ಪ್ರಯತ್ನ ಪಟ್ಟಿರಲಿಲ್ಲ. ಐರನ್‌ನಲ್ಲಿ ಕ್ಲಬ್ ಇಳೀತಾ ಇರುವಾಗ ಮೊದಲು ಬಾಲ್‌ಗೆ, ಆಮೇಲೆ ನೆಲಕ್ಕೆ ತಗಲಬೇಕು, ಮೇಲೆತ್ತೋ ಕೆಲಸ ಲಾಫ್ಟ್‌ದು. ಇದನ್ನ ಬಾಯಲ್ಲಿ ಎಷ್ಟು ಸಲ ಹೇಳಿದ್ರೂ ಮೈಗೆ ಹತ್ತಲ್ಲ, ನೆಲದ ಮೇಲಿನ ಗುರುತು ನೋಡಿದ್ರೆ ಹತ್ತತ್ತೆ. ಒಂದು ಮಾತು, ಇದು ಹುಲ್ಲಿನ ಮೇಲೇ ಆಗ್ಬೇಕು. ಮ್ಯಾಟ್ ಮೇಲೆ ಹಿಂದೆ ಬಡಿದ್ರೂ ಕ್ಲಬ್ ಜಾರಿ ಬಾಲ್‌ಗೆ ತಗಲಿ ಚೆನ್ನಾಗೇ ಹೋಗಿಬಿಡತ್ತೆ, ತಪ್ಪು ಗೊತ್ತೇ ಆಗಲ್ಲ.

ಡ್ರೈವರ್ ಯಾಕೆ ಕೊನೆಗೆ ಅಂತಾನೂ ಆವಾಗ ಅರ್ಥ ಆಯ್ತು. ಬಾಲ್ ಯಾವ ಕಡೆಗೆ ಹೊರಡತ್ತೆ ಅನ್ನೋದನ್ನ ಬಹುಪಾಲು ನಿರ್ಧಾರ ಮಾಡೋದು ತಗಲೋ ಹೊತ್ತಲ್ಲಿ ಕ್ಲಬ್ ಮುಖ ಯಾವ ಕಡೆ ನೋಡ್ತಿದೆ ಅನ್ನೋದು, ಗಾಳೀಲಿ ಹೇಗೆ ತಿರುಗತ್ತೆ ಅನ್ನೋದಕ್ಕೆ ಮುಖಕ್ಕೂ ಕ್ಲಬ್ ಬರೋ ದಾರಿಗೂ ಇರೋ ವ್ಯತ್ಯಾಸ ಕಾರಣ. ಬಲಗೈ ಆಟಗಾರರ ಬಾಲ್ ಬಲಕ್ಕೆ ಬಾಗಿ ಕಾಡು ಸೇರತ್ತಲ್ಲ, ಆ ಸ್ಲೈಸ್‌ಗೆ ಮೂಲ ಇದೇ, ದಾರಿಗೆ ಹೋಲಿಸಿದ್ರೆ ಮುಖ ತೆರ್ಕೊಂಡಿರತ್ತೆ, ಅಂದ್ರೆ ಬಲಕ್ಕೆ ನೋಡ್ತಿರತ್ತೆ. ವೆಜ್‌ನಲ್ಲಿ ಲಾಫ್ಟ್ ಜಾಸ್ತಿ, ಹಿಂದಕ್ಕೆ ತಿರುಗೋ ಸ್ಪಿನ್ ಜೋರಾಗಿರೋದ್ರಿಂದ ಈ ಪಕ್ಕದ ವಾಲಾಟ ಅಷ್ಟು ಕಾಣಲ್ಲ. ಡ್ರೈವರ್‌ನಲ್ಲಿ ಲಾಫ್ಟ್ ಕಮ್ಮಿ, ಶಾಫ್ಟ್ ಉದ್ದ, ವೇಗ ಜಾಸ್ತಿ, ಅದೇ ಸಣ್ಣ ತಪ್ಪು ಅಷ್ಟು ದೊಡ್ಡದಾಗಿ ಕಾಣತ್ತೆ. ಹೊಸಬರ ಕೈಗೆ ಮೊದಲೇ ಡ್ರೈವರ್ ಕೊಟ್ರೆ ಬಾಲ್ ಬಲಕ್ಕೆ ಹೋಗತ್ತೆ ಅಂತ ಅವರು ಇನ್ನೂ ಎಡಕ್ಕೆ ಬೀಸ್ತಾರೆ, ಅದರಿಂದ ಸ್ಲೈಸ್ ಇನ್ನೂ ಹೆಚ್ಚಾಗತ್ತೆ, ಆ ಚಾಳಿ ಕೂತ್ಕೊಂಡ್ರೆ ಬಿಡಿಸೋದು ಕಷ್ಟ. ಐರನ್ ಹದಕ್ಕೆ ಬಂದ ಮೇಲೆ ಡ್ರೈವರ್ ಕೊಟ್ರು, ಬಾಲ್ ಟೀ ಮೇಲೆ, ಮುಂದಿನ ಕಾಲ ಹಿಮ್ಮಡಿಯ ನೇರಕ್ಕೆ, ಇಲ್ಲಿ ಮಾತ್ರ ಕ್ಲಬ್ ಸ್ವಲ್ಪ ಮೇಲೇರ್ತಾ ತಗಲಿದ್ರೆ ಒಳ್ಳೇದು. ಕಾಲೇಜ್ ಹುಡುಗನ ಮುಖ ನೋಡ್ಬೇಕಿತ್ತು, ಕಾದಿದ್ದಕ್ಕೆ ನೇರವಾಗಿ ಹೋಯ್ತು.

ಕೋರ್ಸ್ ಮೇಲೆ ಕರ್ಕೊಂಡು ಹೋದ ದಿನ ಇಡೀ ಪ್ಯಾಕೇಜಿನ ತೂಕ ಗೊತ್ತಾಯ್ತು. ರೇಂಜಲ್ಲಿ ಸಮತಟ್ಟು ನೆಲ, ಬಾಲ್ ಮೇಲೆ ಬಾಲ್ ಹೊಡೀಬಹುದು. ಕೋರ್ಸಲ್ಲಿ ಬಾಲ್ ಒಂದೇ, ಅದು ಎಲ್ಲಿ ಬಿತ್ತೋ ಅಲ್ಲಿಂದಾನೇ, ಪಾದಕ್ಕಿಂತ ಮೇಲಿರಲಿ ಕೆಳಗಿರಲಿ. ಕಡಿದು ಸಮ ಮಾಡಿರೋ ಹುಲ್ಲು ಫೇರ್‌ವೇ, ಅದರ ಆಚೀಚೆ ಬೆಳೆದಿರೋದು ರಫ್, ಮರಳ ಗುಂಡಿ ಬಂಕರ್, ಬಾವುಟ ನೆಟ್ಟಿರೋ ನುಣುಪು ಜಾಗ ಗ್ರೀನ್. ಇದು ಟಿವಿಲಿ ನೋಡಿದ್ರೂ ತಿಳಿಯತ್ತೆ. ತಿಳಿಯದೇ ಇರೋದು ನಡವಳಿಕೆ, ಅದನ್ನ ಮೇಡಂ ಹೆಜ್ಜೆ ಹೆಜ್ಜೆಗೂ ಹೇಳ್ಕೊಟ್ರು. ಯಾರಾದ್ರೂ ಹೊಡೀವಾಗ ಅವರ ಮುಂದೆ ಹೋಗಬಾರದು, ಹತ್ತಿರ ನಿಲ್ಲಬಾರದು, ಮಾತಾಡಬಾರದು. ಬಾಲ್ ಜನರ ಕಡೆ ಹೋಗೋ ಥರ ಕಂಡ್ರೆ ನಾಚಿಕೆ ಬಿಟ್ಟು "ಫೋರ್!" ಅಂತ ಗಂಟಲು ಹರಿಯೋ ಹಾಗೆ ಕೂಗ್ಬೇಕು, ಅದು ಕೇಳಿಸಿದ್ರೆ ತಲೆ ಎತ್ತಿ ನೋಡೋಕೆ ಹೋಗದೆ ತಲೆ ಮುಚ್ಕೊಂಡು ಕೂರ್ಬೇಕು. ಗ್ರೀನ್ ಮೇಲೆ ಬೇರೆಯವರ ಬಾಲ್‌ಗೂ ಹೋಲ್‌ಗೂ ಮಧ್ಯದ ದಾರಿ ತುಳೀಬಾರದು.

ಗ್ರೀನ್ ಮೇಲೆ ಬಾಲ್ ಬಿದ್ದು ಆಗೋ ತಗ್ಗು ರಿಪೇರಿ ಮಾಡೋದನ್ನ ಮಂಡಿ ಊರಿ ಕೂತು ತೋರಿಸಿದ್ರು. ಫೋರ್ಕ್ ಥರದ ಸಣ್ಣ ಟೂಲ್ ಇರತ್ತೆ. ಎಲ್ರೂ ಅದನ್ನ ಒಳಗೆ ತೂರಿಸಿ ತಗ್ಗಿನ ಮಣ್ಣನ್ನ ಮೇಲಕ್ಕೆ ಮೀಟ್ತಾರೆ, ಹಾಗೆ ಮಾಡಿದ್ರೆ ಹುಲ್ಲಿನ ಬೇರು ಕಿತ್ತು ಆ ಜಾಗ ಒಣಗಿಹೋಗತ್ತೆ. ತಗ್ಗಿನ ಅಂಚಲ್ಲಿ ಚುಚ್ಚಿ ಸುತ್ತಲಿಂದ ಮಧ್ಯಕ್ಕೆ ಹುಲ್ಲನ್ನ ದೂಡ್ತಾ ಬಂದು, ಕೊನೆಗೆ ಪಟರ್ ತಳದಿಂದ ಮೆಲ್ಲಗೆ ತಟ್ಟಿ ಸಮ ಮಾಡ್ಬೇಕು. ನಿಮ್ಮದರ ಜೊತೆ ಇನ್ನೊಂದು ತಗ್ಗು ಕಂಡ್ರೆ ಅದನ್ನೂ ಮಾಡಿ ಅಂದ್ರು. ನಾನು ಈಗ ಗ್ರೀನ್ ಹತ್ತಿದ ಕೂಡ್ಲೇ ಮೊದಲು ಹುಡುಕೋದೇ ಅದನ್ನ. ಈ ಆಟದಲ್ಲಿ ಹಿಂದೆ ಬರೋ ಗೊತ್ತಿಲ್ಲದೋರಿಗೋಸ್ಕರ ಮಾಡೋ ಕೆಲಸ ಎಷ್ಟೊಂದಿದೆ, ಬಂಕರ್ ಮರಳನ್ನ ರೇಕ್‌ನಿಂದ ಎಳೆದು ಹೆಜ್ಜೆ ಗುರುತು ಅಳಿಸೋದು, ಕಿತ್ತು ಬಂದ ಹುಲ್ಲನ್ನ ವಾಪಸ್ ಕೂರಿಸೋದು. ನನಗೆ ಗಾಲ್ಫ್ ಮೇಲೆ ಪ್ರೀತಿ ಹುಟ್ಟಿದ್ದು ಇಲ್ಲೇ ಅಂತ ಹೇಳ್ಬೇಕು.

ರೂಲ್ಸ್ ವಿಷಯ. ಇದರ ರೂಲ್ಸ್ ನೋಡ್ಕೊಳ್ಳೋದು ಆರ್ ಅಂಡ್ ಎ ಮತ್ತೆ ಯುಎಸ್‌ಜಿಎ ಅಂತ ಎರಡು ಸಂಸ್ಥೆ, 2019ರಲ್ಲಿ ತುಂಬಾ ಬದಲಾವಣೆ ಮಾಡಿ ಹೊಸಬರಿಗೆ ಅನುಕೂಲ ಮಾಡಿದಾರೆ. ಕಳೆದುಹೋದ ಬಾಲ್ ಹುಡುಕೋಕೆ ಮೊದಲು 5 ನಿಮಿಷ ಇತ್ತು, ಈಗ 3 ನಿಮಿಷ. ಬಾಲ್ ಡ್ರಾಪ್ ಮಾಡೋದು, ಅಂದ್ರೆ ಆಡೋಕಾಗದ ಜಾಗದ ಬದಲು ಬೇರೆ ಕಡೆ ಕೈಯಿಂದ ಬೀಳಿಸೋದು, ಮೊದಲು ಭುಜದ ಎತ್ತರದಿಂದ, ಈಗ ಮಂಡಿ ಎತ್ತರದಿಂದ. ಪಟ್ ಮಾಡುವಾಗ ಬಾವುಟ ಕೀಳ್ದೇ ಹಾಗೇ ಬಿಡಬಹುದು. ಇದು ಗೊತ್ತಿಲ್ಲದ ಹಳಬರು ಎಷ್ಟೋ ಜನ ಈಗಲೂ ಹಳೇ ರೂಲ್ ಹೇಳ್ತಾರೆ, ಹುಷಾರು. ಹೊಸಬರಿಗೆ ಬೇಕಾಗಿರೋದು ಇಷ್ಟು: ಬಿಳಿ ಗೂಟದ ಆಚೆ ಹೋದ್ರೆ ಔಟ್ ಆಫ್ ಬೌಂಡ್ಸ್, ಒಂದು ಹೊಡೆತ ದಂಡ ಹಾಕ್ಕೊಂಡು ಮೊದಲು ಹೊಡೆದ ಜಾಗದಿಂದಾನೇ ಮತ್ತೆ ಹೊಡೀಬೇಕು, ಬಾಲ್ ಕಳೆದುಹೋದ್ರೂ ಅದೇ. ಅದಕ್ಕೇ ಅನುಮಾನ ಇದ್ರೆ ಅಲ್ಲೇ ಪ್ರೊವಿಷನಲ್ ಅಂತ ಬಾಯಿಬಿಟ್ಟು ಹೇಳಿ ಇನ್ನೊಂದು ಬಾಲ್ ಹೊಡೆದು ಹೋಗೋದು, ವಾಪಸ್ ನಡ್ಕೊಂಡು ಬರೋದು ತಪ್ಪತ್ತೆ. ಕೆಂಪು ಅಥವಾ ಹಳದಿ ಗೂಟದ ಒಳಗೆ, ಅಂದ್ರೆ ನೀರಿನ ಜಾಗ ಇತ್ಯಾದಿ, ಹೊಡೆಯೋಕಾದ್ರೆ ಹಾಗೇ ಹೊಡೀಬಹುದು, ಆಗ್ಲಿಲ್ಲಾಂದ್ರೆ ಒಂದು ದಂಡ ಹಾಕ್ಕೊಂಡು ಹೊರಗೆ ಡ್ರಾಪ್ ಮಾಡ್ಬಹುದು. ಬಂಕರಲ್ಲಿ ಪ್ರಾಕ್ಟೀಸ್ ಸ್ವಿಂಗ್ ಮಾಡ್ತಾ ಮರಳು ಮುಟ್ಟೋ ಹಾಗಿಲ್ಲ. ಸಾಕು, ಇದರ ಮೇಲೆ ಒಂದು ರೌಂಡ್ ನಡೆಯತ್ತೆ.

ನಡೀತಾ ನಡೀತಾ ಮೇಡಂ ಹಳೇ ಕಥೆಗಳನ್ನೂ ಹೇಳೋರು. ಸ್ಕಾಟ್ಲೆಂಡಲ್ಲಿ 1457ರಲ್ಲೇ ಪಾರ್ಲಿಮೆಂಟ್ ಈ ಆಟ ನಿಷೇಧ ಮಾಡಿತ್ತಂತೆ, ಜನ ಬಿಲ್ಲುವಿದ್ಯೆ ಬಿಟ್ಟು ಇದರ ಹಿಂದೆ ಬಿದ್ರು ಅಂತ. ನಮಗೆ ಸಿಕ್ಕಿರೋ ಹಳೇ ಬರಹದ ರೂಲ್ಸ್ 1744ರದ್ದು, ಲೀತ್ ಅನ್ನೋ ಊರಿಂದು, ಬರೀ 13 ರೂಲ್. ಅಲ್ಲಿನ ಸೇಂಟ್ ಆಂಡ್ರೂಸ್ ಕೋರ್ಸಲ್ಲಿ ಮೊದಲು ಒಂದು ರೌಂಡ್ ಅಂದ್ರೆ 22 ಹೋಲ್ ಇದ್ದದ್ದು 1764ರಲ್ಲಿ 18 ಆಯ್ತು, ಬರ್ತಾ ಬರ್ತಾ ಎಲ್ಲಾ ಕಡೆ ಅದೇ ನಿಂತ್ಕೊಳ್ತು.

ಸ್ಕೋರ್ ವಿಷಯಕ್ಕೆ ಬಂದ್ರೆ, ಪಾರ್‌ಗಿಂತ ಒಂದು ಕಮ್ಮಿ ಬರ್ಡಿ, ಎರಡು ಕಮ್ಮಿ ಈಗಲ್, ಒಂದು ಜಾಸ್ತಿ ಬೋಗಿ, ಎರಡು ಜಾಸ್ತಿ ಡಬಲ್ ಬೋಗಿ. ಹೊಸಬರಿಗೆ ಹೊಡೆತ ಎಣಿಸೋದೇ ಭಯ. ಮೇಡಂ ಸ್ಟೇಬಲ್‌ಫೋರ್ಡ್ ಪದ್ಧತಿಲಿ ಆಡಿಸಿದ್ರು, ಡಾಕ್ಟರ್ ಫ್ರಾಂಕ್ ಸ್ಟೇಬಲ್‌ಫೋರ್ಡ್ ಅನ್ನೋರು ಮಾಡಿದ್ದು, ಅದರ ಮೊದಲ ಸ್ಪರ್ಧೆ 1932ರಲ್ಲಿ. ಇದರಲ್ಲಿ ಹೋಲ್ ಹೋಲ್‌ಗೆ ಪಾಯಿಂಟ್, ಪಾರ್‌ಗೆ 2, ಬೋಗಿಗೆ 1, ಬರ್ಡಿಗೆ 3, ಬೋಗಿಗಿಂತ ಕೆಟ್ಟದಾದ್ರೆ ಸೊನ್ನೆ, ಬಾಲ್ ಎತ್ಕೊಂಡು ಮುಂದಿನ ಹೋಲ್‌ಗೆ ನಡೀರಿ. ನಿಮ್ಮ ಆಟದ ಮಟ್ಟ ತೋರಿಸೋ ಹ್ಯಾಂಡಿಕ್ಯಾಪ್ ನಂಬರ್‌ಗೆ ತಕ್ಕ ಹಾಗೆ ಹೋಲ್‌ಗೆ ಒಂದೋ ಎರಡೋ ಹೊಡೆತ ವಿನಾಯ್ತಿ ಸಿಕ್ಕಿದ ಮೇಲೆ ಈ ಲೆಕ್ಕ. ಒಂದು ಹೋಲ್ ಕೆಟ್ರೆ ಇಡೀ ದಿನ ಕೆಡಲ್ಲ, ಹಿಂದಿನ ಗುಂಪೂ ಕಾಯೋದು ತಪ್ಪತ್ತೆ. ಆ ಹ್ಯಾಂಡಿಕ್ಯಾಪ್ ಅನ್ನೋದು ಗಾಲ್ಫ್‌ನ ದೊಡ್ಡ ಗುಣ ಅಂತ ನನ್ನ ಅಭಿಪ್ರಾಯ. 2020ರಿಂದ ಎಲ್ಲ ಕಡೆಗೂ ಒಂದೇ ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಮ್ ಬಂದಿದೆ, ಗಂಡಸರಿಗೂ ಹೆಂಗಸರಿಗೂ ಗರಿಷ್ಠ 54.0, ಒಟ್ಟು 54 ಹೋಲ್‌ಗಳ ಸ್ಕೋರ್ ಕೊಟ್ರೆ ನಿಮಗೂ ಒಂದು ನಂಬರ್ ಸಿಗತ್ತೆ, ಆಮೇಲೆ ಕೊನೇ 20 ಸ್ಕೋರ್‌ನಲ್ಲಿ ಒಳ್ಳೇ 8ರ ಸರಾಸರಿ. ಇದರಿಂದ ನಿನ್ನೆ ಮೊನ್ನೆ ಕಲಿತೋರೂ ಮೂವತ್ತು ವರ್ಷ ಆಡಿದೋರ ಜೊತೆ ನ್ಯಾಯವಾಗಿ ಪಂದ್ಯ ಆಡಬಹುದು. ಬೇರೆ ಯಾವ ಆಟದಲ್ಲಿ ಇಷ್ಟು ಸಲೀಸಾಗಿ ಇದು ಆಗತ್ತೆ ಹೇಳಿ?

ಈಗ ಒಂದು ಸ್ಟಾರ್ ಯಾಕೆ ಕಟ್ ಮಾಡಿದೆ ಅಂತ. ಮೊದಲನೇದು ಬಂಕರ್. ಮರಳಿಂದ ಹೊಡೆಯೋದಕ್ಕೆ ಕೊಟ್ಟಿದ್ದು ಒಂದು ಸೆಷನ್‌ನ ಕೊನೇ ಸ್ವಲ್ಪ ಹೊತ್ತು ಮಾತ್ರ. ಅಲ್ಲಿ ನಿಯಮವೇ ಉಲ್ಟಾ, ಬಾಲ್‌ಗೆ ಹೊಡೀಬಾರದು, ಸುಮಾರು ಎರಡು ಇಂಚು ಹಿಂದೆ ಮರಳಿಗೆ ಹೊಡೆದು ಆ ಮರಳು ಬಾಲ್‌ನ ಹೊತ್ಕೊಂಡು ಬರೋ ಹಾಗೆ ಮಾಡ್ಬೇಕು, ಕ್ಲಬ್ ಮುಖ ಸ್ವಲ್ಪ ತೆರೆದು ಹಿಡೀಬೇಕು, ನಡುವೆ ನಿಲ್ಲಿಸದೆ ಪೂರ್ತಿ ಬೀಸ್ಬೇಕು. ಅಷ್ಟು ದಿನ ಬಾಲ್ ಮೊದಲು ನೆಲ ಆಮೇಲೆ ಅಂತ ಮೈಗೆ ಕಲಿಸಿ, ಇಲ್ಲಿ ಬೇರೆ ಹೇಳಿದ್ರೆ ಅಷ್ಟು ಹೊತ್ತಲ್ಲಿ ಯಾರಿಗೂ ಬರಲ್ಲ. ಕೋರ್ಸ್ ದಿನ ಬಂಕರಿಗೆ ಬಿದ್ದೋರೆಲ್ಲ ಅಲ್ಲೇ ಸಿಕ್ಕಾಕೊಂಡ್ರು.

ಎರಡನೇದು ಎಡಗೈನೋರ ಕ್ಲಬ್. ಬ್ಯಾಚಲ್ಲಿ ಇಬ್ರು ಎಡಗೈನೋರಿದ್ರು, ಇದ್ದದ್ದು ಒಂದೇ ಸೆಟ್. ಒಬ್ರು ಹೊಡೀವಾಗ ಇನ್ನೊಬ್ರು ಸುಮ್ನೆ ನಿಂತಿರಬೇಕು. ದುಡ್ಡು ಇಬ್ರದ್ದೂ ಒಂದೇ ತಾನೇ, ಸೇರಿಸ್ಕೊಳ್ಳೋವಾಗಲೇ ಕೇಳಿ ವ್ಯವಸ್ಥೆ ಮಾಡ್ಬೇಕಿತ್ತು. ಮೂರನೇದು ವಾರ್ಮ್ ಅಪ್ ಗಂಭೀರವಾಗಿ ಮಾಡಿಸ್ಲಿಲ್ಲ, ಸೊಂಟ ಭುಜ ತಿರುಚೋ ಆಟ ಇದು, ವಯಸ್ಸಾದೋರು ಇರೋ ಬ್ಯಾಚಲ್ಲಿ ಅದು ಬೇಕೇ ಬೇಕು. ರೇಂಜ್ ಬಾಲ್ ಬಗ್ಗೆಯೂ ಯಾರೂ ಹೇಳ್ಲಿಲ್ಲ, ಅವು ಸವೆದಿರತ್ತೆ, ಮಾಮೂಲಿ ಬಾಲ್‌ನಷ್ಟು ದೂರ ಹೋಗಲ್ಲ, ಹಾಗಾಗಿ ರೇಂಜಲ್ಲಿ ಕಂಡ ದೂರವನ್ನ ಕೋರ್ಸಲ್ಲಿ ನಂಬೋಕಾಗಲ್ಲ. ರೂಲ್ಸ್‌ಗೆ ಆರ್ ಅಂಡ್ ಎ ಮತ್ತೆ ಯುಎಸ್‌ಜಿಎದವರ ಫ್ರೀ ಆ್ಯಪ್ ಇದೆ, ಅದನ್ನ ಮೊದಲ ದಿನವೇ ಎಲ್ಲರ ಫೋನಿಗೆ ಹಾಕಿಸಿದ್ರೆ ಎಷ್ಟು ಚೆನ್ನಾಗಿರ್ತಿತ್ತು.

ನೀವು ಎಲ್ಲಾದ್ರೂ ಸೇರೋ ಮುಂಚೆ ಫೋನ್ ಮಾಡಿ ಕೇಳಿ. ಪಟಿಂಗ್ ಗ್ರೀನ್, ಚಿಪ್ಪಿಂಗ್ ಜಾಗ ಇದೆಯಾ ಬರೀ ಮ್ಯಾಟಾ, ಒಬ್ಬ ಕೋಚ್‌ಗೆ ಎಷ್ಟು ಜನ, ನಮ್ಮದರಲ್ಲಿ 8 ಜನ ಇದ್ರು, ಅದಕ್ಕಿಂತ ಜಾಸ್ತಿ ಆದ್ರೆ ಕಾಯೋದೇ ಆಗತ್ತೆ. ಕೋರ್ಸ್ ಮೇಲೆ ಆಡಿಸೋದು ಫೀಸಿನಲ್ಲೇ ಸೇರಿದೆಯಾ ಬೇರೆಯಾ ಅಂತ ಬಾಯಿಬಿಟ್ಟು ಕೇಳಿ, ಅದು ಇಲ್ಲದ ಕ್ಲಾಸ್‌ಗೆ ನಾನಂತೂ ಯಾರನ್ನೂ ಕಳಿಸಲ್ಲ. ಮಕ್ಕಳನ್ನ ಸೇರಿಸೋದಾದ್ರೆ ಅವರ ಅಳತೆಯ ಕ್ಲಬ್ ಇದೆಯಾ ನೋಡಿ, ದೊಡ್ಡೋರ ಕ್ಲಬ್ ಕತ್ತರಿಸಿ ಕೊಟ್ರೆ ಅದು ತೀರ ಗಡುಸು, ತೂಕಾನೂ ಜಾಸ್ತಿ, ಸ್ವಿಂಗ್ ಹಾಳಾಗತ್ತೆ. ಮೊದಲ ಸೆಷನ್‌ನಲ್ಲಿ ಏನು ಕಲಿಸ್ತೀರ ಅಂತಾನೂ ಕೇಳಿ, ಡ್ರೈವರ್ ಅಂದ್ರೆ ಇನ್ನೊಂದು ಕಡೆ ವಿಚಾರಿಸಿ.

ಸಂಕೋಚ ಇದ್ದೋರಿಗೆ ಒಂದು ಮಾತು. ನಮ್ಮ ಬ್ಯಾಚಲ್ಲಿ ಆಟದ ಮೈದಾನಕ್ಕೇ ಇಳಿಯದೋರು, ನಿವೃತ್ತಿ ಆದೋರು, ಗೃಹಿಣಿಯರು ಎಲ್ಲ ಇದ್ರು, ಓಡೋಕಾಗ್ಬೇಕು ಅಂತಿಲ್ಲ, ಬಲ ಬೇಕು ಅಂತಿಲ್ಲ, ನಡೆಯೋಕಾದ್ರೆ ಸಾಕು. ನಾನು ಇದೇ ಮೇಡಂ ಹತ್ರ ಮುಂದಿನ ಲೆವೆಲ್‌ಗೆ ಹೆಸರು ಕೊಟ್ಟಿದೀನಿ, ಈ ಸಲ ಬಂಕರಿಗೆ ಒಂದು ಪೂರ್ತಿ ಸೆಷನ್ ಇಡಿ ಅಂತ ನಾವೆಲ್ಲ ಕೇಳಿದ್ದಕ್ಕೆ ಒಪ್ಪಿದಾರೆ, ಎಡಗೈನೋರಿಗೆ ಇನ್ನೊಂದು ಸೆಟ್ ತರಿಸ್ತೀವಿ ಅಂತಾನೂ ಆಫೀಸಿನವರು ಹೇಳಿದಾರೆ. ತರಿಸಿದ ಮೇಲೆ ಆ ಒಂದು ಸ್ಟಾರ್ ಇಲ್ಲಿ ಸೇರಿಸ್ತೀನಿ.